ಹಯವದನರಾಯರ ಪಟ್ಟಿಯೂ ಅಡಾಜಣ್‌ನ ಊಟವೂ

ಹಯವದನರಾಯರಿಗೆ ಸಿಟ್ಟು ಬಂದರೆ ಬೇರೆಯವರಂತೆ ಕೂಗಾಡುತ್ತಿರಲಿಲ್ಲ, ತಟ್ಟೆ ಬಡಿಯುತ್ತಿರಲಿಲ್ಲ. ಒಂದು ಬಿಳಿ ಹಾಳೆ ತೆಗೆದು, ಸ್ಕೇಲಿಟ್ಟು, ಅಡ್ಡಗೆರೆ ಉದ್ದಗೆರೆ ಎಳೆಯುತ್ತಿದ್ದರು. ಗೆರೆ ಎಷ್ಟು ನೇರವೋ ಸಿಟ್ಟು ಅಷ್ಟು ದೊಡ್ಡದು ಎಂಬುದು ಅವರ ಹೆಂಡತಿ ಪದ್ಮಾವತಿಬಾಯಿ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕಂಡುಕೊಂಡ ಸತ್ಯ. 1995ರ ಡಿಸೆಂಬರಿನಲ್ಲಿ ಭಜನಾ ಮಂಡಳಿಯ ಪ್ರವಾಸಕ್ಕೆಂದು ರಾಯರು ತಯಾರಿಸಿದ ಪಟ್ಟಿಯಲ್ಲಿ ಗೆರೆಗಳು ಎಷ್ಟು ನೇರವಾಗಿದ್ದವೆಂದರೆ, ಇದು ಹದಿನಾಲ್ಕು ಜನ ದಾಸರ ಪದ ಹಾಡಲು ಹೋಗುವ ಪ್ರವಾಸವೋ ಅಥವಾ ಯಾರನ್ನೋ ಗಲ್ಲಿಗೇರಿಸುವ ಏರ್ಪಾಡೋ ಎಂದು ನೋಡಿದವರಿಗೆ ಅನುಮಾನ ಬರಬೇಕು. ಹಾಳೆಯ ಕೊನೆಯಲ್ಲಿ, ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಹಾಕಿ ಬರೆದಿತ್ತು: ‘ಈ ಕಾರ್ಯಕ್ರಮದಲ್ಲಿ ಯಾವುದೇ ತಿದ್ದುಪಡಿಗೆ ಅವಕಾಶವಿಲ್ಲ.’

ರಾಯರು ಬಾಗಲಕೋಟೆಯವರು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಒಂದು ಸೊಸೈಟಿಯಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಕೆಲಸ ಬಾಹ್ಯಾಕಾಶ ಕೇಂದ್ರದಲ್ಲಿ. ಊರಿಗೆ ಹೋದಾಗ ಜನ ‘ರಾಕೆಟ್ ಬಿಡೋ ರಾಯರು’ ಅನ್ನುತ್ತಿದ್ದರು. ರಾಯರು ತಮ್ಮ ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಬಿಟ್ಟದ್ದು ಟೆಂಡರು ಮಾತ್ರ. ಅವರು ಖರೀದಿ ವಿಭಾಗದಲ್ಲಿದ್ದರು. ಆಕಾಶಕ್ಕೆ ಹಾರುವ ಸಾಮಾನು ಬೇರೆಯವರ ಪಾಲು, ಭೂಮಿಯ ಮೇಲೆ ಕೂರುವ ಕುರ್ಚಿ, ಬೀರು, ಕೂಲರು ಇವರ ಪಾಲು. ಆದರೂ ವಿಜ್ಞಾನಿಗಳ ಕೋಣೆಯ ಗೋಡೆಯ ಮೇಲೆ ಬಾಣವೂ ವೃತ್ತವೂ ಇರುವ ಯೋಜನಾ ನಕ್ಷೆಗಳನ್ನು ನೋಡಿ ನೋಡಿ ಅವರಿಗೆ ಅದರ ಹುಚ್ಚು ಹತ್ತಿತ್ತು. ಮನೆಯಲ್ಲಿ ಚಕ್ಕುಲಿ ಮಾಡುವುದಿದ್ದರೂ ಅಕ್ಕಿ ನೆನೆಸುವುದರಿಂದ ಹಿಡಿದು ಡಬ್ಬಿ ಮುಚ್ಚುವವರೆಗೆ ಬಾಣ ಬಿಡಿಸಿಕೊಡುತ್ತಿದ್ದರು. ಪದ್ಮಾವತಿಬಾಯಿ ಆ ಹಾಳೆಯ ಮೇಲೆ ಚಕ್ಕುಲಿ ಹರವಿ ಎಣ್ಣೆ ಇಳಿಸುತ್ತಿದ್ದರು.

ಮಂಡಳಿಗೆ ಹನ್ನೊಂದು ವರ್ಷದಿಂದ ರಾಯರೇ ಕಾರ್ಯದರ್ಶಿ. ಬ್ಯಾಂಕು, ವಿಮೆ, ರೈಲ್ವೆ ಎಂದು ಬದಲಿಯಾಗಿ ಬಂದ ಕರ್ನಾಟಕದ ಕುಟುಂಬಗಳು ಗುರುವಾರ ಸಂಜೆ ಒಂದೊಂದು ಮನೆಯಲ್ಲಿ ಸೇರಿ ಹಾಡುತ್ತಿದ್ದವು. ವರ್ಷಕ್ಕೊಮ್ಮೆ ವಡೋದರಾ, ಸೂರತ್ತುಗಳಿಗೆ ಹೋಗಿ ಅಲ್ಲಿಯ ಕನ್ನಡದ ಮನೆಗಳಲ್ಲಿ ಹಾಡಿ ಬರುವುದು ಮಂಡಳಿಯ ದೊಡ್ಡ ಸೇವೆ. ತಬಲಾಕ್ಕೆ ಗದಗಿನ ಬಸವರಾಜ ಇದ್ದರು. ಹಾಡಿಗೆ ಸುಮಾರಾಗಿ ಎಲ್ಲರೂ ಇದ್ದರು. ಹಾಡು ಕಲಿಸಲು ಮಾತ್ರ ಒಬ್ಬರೇ, ಸುಲೋಚನಮ್ಮ.

ಸುಲೋಚನಮ್ಮ ಹಾಸನದ ಕಡೆಯವರು, ಎಪ್ಪತ್ತೊಂದು ದಾಟಿದವರು. ಮಗ ಬಾಲಕೃಷ್ಣ ಸೂರತ್ತಿನ ಬ್ಯಾಂಕೊಂದರಲ್ಲಿ ಅಧಿಕಾರಿ; ತಾಪಿ ನದಿಯ ಆಚೆ ಅಡಾಜಣ್‌ನಲ್ಲಿ ಮನೆ. ಎರಡು ತಿಂಗಳಿಗೊಮ್ಮೆ ಆಕೆ ಅಹಮದಾಬಾದಿಗೆ ಬಂದು, ರಾಯರ ಮನೆಯಲ್ಲೇ ಎಂಟು ದಿನ ಉಳಿದು ಮಂಡಳಿಗೆ ಪದ ಕಲಿಸಿ ಹೋಗುತ್ತಿದ್ದರು. ಅವರ ಗಂಟಲಿನಲ್ಲಿ ಇನ್ನೂರು ಪದಗಳಿದ್ದವು, ಯಾವುದೂ ಪುಸ್ತಕದಲ್ಲಿರಲಿಲ್ಲ. ಅವರು ಬರುವುದನ್ನು ನಿಲ್ಲಿಸಿ ಹನ್ನೊಂದು ತಿಂಗಳಾಗಿತ್ತು. ನಿಲ್ಲಿಸಿದ್ದು ರಾಯರ ಇನ್ನೊಂದು ಪಟ್ಟಿಯಿಂದ.

ಹಿಂದಿನ ವರ್ಷ ಸೂರತ್ತಿನಲ್ಲಿ ಪ್ಲೇಗು ಬಂದದ್ದು ಯಾರೂ ಮರೆಯುವಂಥದ್ದಲ್ಲ. ಊರಿಗೆ ಊರೇ ರೈಲು ಹತ್ತಿ ಓಡಿತ್ತು. ಮಂಡಳಿ ಆ ವರ್ಷದ ಪ್ರವಾಸ ರದ್ದು ಮಾಡಿತು. ಅದನ್ನು ಸುಲೋಚನಮ್ಮನೂ ತಪ್ಪೆನ್ನಲಿಲ್ಲ. ನಾಲ್ಕು ತಿಂಗಳು ಕಳೆದು, ಸೂರತ್ತು ಗುಡಿಸಿ ತೊಳೆದುಕೊಂಡ ಮೇಲೆ, ಜನವರಿಯಲ್ಲಿ ದಾಸರ ಆರಾಧನೆಗೆ ಅವರು ಮಗ ಸೊಸೆಯ ಜೊತೆ ಅಹಮದಾಬಾದಿಗೆ ಬಂದರು. ಸ್ಯಾಟಲೈಟಿನ ಒಂದು ಸಭಾಂಗಣದಲ್ಲಿ ನೂರಿಪ್ಪತ್ತು ಎಲೆಯ ಊಟ. ಬೆಳಿಗ್ಗೆಯೇ ನಾಲ್ಕೈದು ಹೆಂಗಸರು ರಾಯರನ್ನು ಕಂಬದ ಮರೆಗೆ ಕರೆದು, ಸೂರತ್ತಿನವರ ಪಕ್ಕದಲ್ಲಿ ನಮ್ಮನ್ನು ಕೂಡಿಸಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಪಿಸುಗುಟ್ಟಿದರು. ಬೇರೆ ಯಾರಾದರೂ ಆಗಿದ್ದರೆ ಗದರಿಸಿ ಕಳಿಸುತ್ತಿದ್ದರು, ಇಲ್ಲವೇ ಕೇಳಿಸಲಿಲ್ಲವೆಂಬಂತೆ ಇರುತ್ತಿದ್ದರು. ರಾಯರಿಗೆ ಸಮಸ್ಯೆ ಎಂದರೆ ಅದಕ್ಕೊಂದು ಹಾಳೆ. ಯಾವ ಸಾಲಿನಲ್ಲಿ ಯಾರು ಎಂದು ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದರು. ಪಟ್ಟಿಯ ಕೊನೆಯ ಚೌಕದಲ್ಲಿ ಬರೆದಿತ್ತು: ‘ಸೂರತ್ — ವರಾಂಡ. ಗಾಳಿ ಚೆನ್ನಾಗಿದೆ.’

ಸುಲೋಚನಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ವರಾಂಡಕ್ಕೆ ಹೋಗಿ ಕೂತರು. ಎಲೆಗೆ ಪಾಯಸ ಬಿತ್ತು, ಕೋಸಂಬರಿ ಬಿತ್ತು, ಅನ್ನ ಬಿತ್ತು. ಅನ್ನದ ಮೇಲೆ ತುಪ್ಪ ಬೀಳುವ ಹೊತ್ತಿಗೆ ಅವರು ಎದ್ದು ನಿಂತರು. ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋಗುವುದೆಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ತಲೆನೋವು ಎಂದಷ್ಟೇ ಹೇಳಿ ಮಧ್ಯಾಹ್ನದ ರೈಲಿಗೆ ಹೊರಟುಹೋದರು. ರಾಯರು ಅಂದು ಸಂಜೆ ಊಟದ ವ್ಯವಸ್ಥೆ ಅಚ್ಚುಕಟ್ಟಾಗಿ ನಡೆಯಿತೆಂದು ವರದಿ ಬರೆದರು.

ಆಮೇಲೆ ಪದ್ಮಾವತಿಬಾಯಿ ಮೂರು ಕಾಗದ ಬರೆದರು. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಾಲಕೃಷ್ಣ ಸಂಕೋಚದಿಂದ ಬರೆದಿದ್ದ: ಮಂಡಳಿಯವರೆಲ್ಲ ನಮ್ಮ ಮನೆಯಲ್ಲಿ ಕೂತು ಉಂಡು ಹೋಗಲಿ, ಆಮೇಲೆ ನಾನು ಅಹಮದಾಬಾದಿನ ವಿಚಾರ ಯೋಚಿಸುತ್ತೇನೆ ಎನ್ನುತ್ತಾರೆ ಅಮ್ಮ. ಆ ಕಾಗದವನ್ನು ಪದ್ಮಾವತಿಬಾಯಿ ಗಂಡನ ಎದುರಿಗೆ ಓದಿದರು. ಮತ್ತೊಮ್ಮೆ ಓದಿದರು. ರಾಯರಿಗೆ ಸಿಟ್ಟು ಬಂತು. ತಾನು ಮಾಡಿದ್ದು ತಪ್ಪೆಂದು ಅನ್ನಿಸತೊಡಗಿದಾಗ ಬರುವ ಸಿಟ್ಟು ಬಹಳ ಕೆಟ್ಟದ್ದು, ಎಲ್ಲಿ ಇಳಿಸಬೇಕೆಂದು ಗೊತ್ತಾಗುವುದಿಲ್ಲ. ಅವರು ಹಾಳೆ ತೆಗೆದರು.

ಹೀಗೆ ಹುಟ್ಟಿದ್ದು ಆ ಪ್ರವಾಸದ ಪಟ್ಟಿ. ಶನಿವಾರ ಬೆಳಗಿನ ರೈಲಿಗೆ ವಡೋದರಾ, ಅಲ್ಕಾಪುರಿಯ ಸತ್ಯಪ್ರಕಾಶರ ಬಂಗಲೆಯಲ್ಲಿ ಹಾಡು, ಸಂಜೆ ಸೂರತ್ತು, ರಾತ್ರಿ ಅಲ್ಲಿಯ ಒಂದು ಧರ್ಮಶಾಲೆಯಲ್ಲಿ ವಾಸ, ಭಾನುವಾರ ಬೆಳಿಗ್ಗೆ ಬಾಲಕೃಷ್ಣರ ಮನೆಯಲ್ಲಿ ಹಾಡು ಮತ್ತು ಊಟ. ಶನಿವಾರದ ಚೌಕದಲ್ಲಿ ‘ಊಟವಿಲ್ಲ’ ಎಂದು ಬರೆದು ಪಕ್ಕದಲ್ಲಿ ‘ಏಕಾದಶಿ’ ಎಂದು ಕಾರಣ ಕೊಟ್ಟಿದ್ದರು. ಆಫೀಸಿನ ಗೋಡೆಗೆ ಬೀರು ಸರಬರಾಜಿನವನು ಕೊಟ್ಟ ಗುಜರಾತಿ ಕ್ಯಾಲೆಂಡರಿನಲ್ಲಿ ಶನಿವಾರ ಏಕಾದಶಿ ಎಂದಿತ್ತು. ಇದರಿಂದ ರಾಯರಿಗೆ ಒಳಗೊಳಗೇ ಸಂತೋಷವಾಗಿತ್ತು. ವಡೋದರಾದಲ್ಲಿ ಊಟವಿಲ್ಲವೆಂದರೆ ಎರಡು ತಾಸು ಉಳಿತಾಯ; ಮರುದಿನ ದ್ವಾದಶಿಯ ಊಟವೆಂದರೆ ಉಪವಾಸವಿದ್ದ ಹದಿನಾಲ್ಕು ಜನ ಸುಲೋಚನಮ್ಮನ ಮನೆಯಲ್ಲಿ ಬಕಾಸುರರಂತೆ ಉಣ್ಣುವುದು ಗ್ಯಾರಂಟಿ. ಮೂರು ಕೊಟೇಶನ್ ತರಿಸಿದ್ದರೂ ಇದಕ್ಕಿಂತ ಒಳ್ಳೆಯ ದರ ಸಿಗುತ್ತಿರಲಿಲ್ಲ. ಹದಿನಾಲ್ಕು ಜೆರಾಕ್ಸ್ ಮಾಡಿಸಿ ಮನೆ ಮನೆಗೆ ಹಂಚಿದರು. ಎಲ್ಲರೂ ಭಕ್ತಿಯಿಂದ ತೆಗೆದುಕೊಂಡರು. ಯಾರೂ ಓದಲಿಲ್ಲ.

ಶನಿವಾರ ರೈಲು ಮಣಿನಗರ ದಾಟುತ್ತಿದ್ದಂತೆ ಬಸವರಾಜ ತಮ್ಮ ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹರವಿದರು. ಅವರು ಲಿಂಗಾಯತರು, ಅವರಿಗೆ ಈ ಉಪವಾಸಗಳ ಗೊಡವೆ ಇರಲಿಲ್ಲ. ರಾಯರು ಮೂಗು ಸಿಂಡರಿಸಿ, ಉಪವಾಸ ಇದ್ದವರ ಎದುರಿಗೆ ತಿನ್ನುವುದು ಸರಿಯಲ್ಲ ಎಂದರು. ಬಸವರಾಜ ರೊಟ್ಟಿ ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ, ಯಾರು ಉಪವಾಸ ಎಂದು ಸುತ್ತ ನೋಡಿದರು.

“ಏಕಾದಶಿ ನಾಳೆ,” ಎಂದರು ಪದ್ಮಾವತಿಬಾಯಿ.

ಒಂದು ಡಬ್ಬಿಯಲ್ಲಿದ್ದ ಹನ್ನೆರಡು ಜನರೂ ತಲೆ ಅಲ್ಲಾಡಿಸಿದರು. ಇವತ್ತು ದಶಮಿ, ಮಠದ ಪಂಚಾಂಗದಲ್ಲಿ ಹಾಗೇ ಇದೆ, ದಶಮಿ ಸೋಂಕಿದ ದಿನ ನಮಗೆ ಉಪವಾಸ ಬರುವುದಿಲ್ಲ, ಸ್ಮಾರ್ತರಿಗೆ ಇವತ್ತು, ನಮಗೆ ನಾಳೆ ಎಂದು ಒಬ್ಬೊಬ್ಬರೂ ಒಂದೊಂದು ಕಡೆಯಿಂದ ಹೇಳಿದರು. ಇವತ್ತು ಒಪ್ಪೊತ್ತು, ಅದಕ್ಕೇ ಮಧ್ಯಾಹ್ನ ಸತ್ಯಪ್ರಕಾಶರ ಮನೆಯಲ್ಲಿ ಉಣ್ಣೋಣವೆಂದು ಬೆಳಿಗ್ಗೆ ಏನೂ ತಿಂದಿಲ್ಲ ಎಂದೂ ಕೂಡಿಸಿದರು. ಮಠದ ಪಂಚಾಂಗವನ್ನು ರಾಯರ ಅಣ್ಣ ಬಾಗಲಕೋಟೆಯಿಂದ ಪ್ರತಿ ಯುಗಾದಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅದು ದೇವರ ಕೋಣೆಯ ಗೋಡೆಗೆ ತೂಗಾಡುತ್ತಿತ್ತು. ದೇವರ ಕೋಣೆಯಲ್ಲಿ ಮೇಜಿರಲಿಲ್ಲ, ಸ್ಕೇಲಿರಲಿಲ್ಲ. ರಾಯರು ಪಟ್ಟಿ ಮಾಡಿದ್ದು ಆಫೀಸಿನಲ್ಲಿ.

ರಾಯರು ಮೊದಲು ಕ್ಯಾಲೆಂಡರಿನವನ ಮೇಲೆ ಸಿಟ್ಟಾದರು. ಆಮೇಲೆ ಹದಿನಾಲ್ಕು ಜೆರಾಕ್ಸ್ ಕೊಟ್ಟರೂ ಒಬ್ಬರೂ ಓದದೆ ಬಂದ ಜನದ ಮೇಲೆ ಸಿಟ್ಟಾದರು. ವೈಷ್ಣವರಿಗೊಂದು ಏಕಾದಶಿ, ಸ್ಮಾರ್ತರಿಗೊಂದು ಏಕಾದಶಿ ಮಾಡಿಟ್ಟ ಪೂರ್ವಿಕರ ಮೇಲೆ ಕೊಂಚ ಹೊತ್ತು ಸಿಟ್ಟಾದರು. ಒಂದೇ ಚಂದ್ರನಿಗೆ ಎರಡು ಕಾರ್ಯಕ್ರಮಪಟ್ಟಿ ಯಾಕೆ ಬೇಕಿತ್ತು ಎಂಬುದು ಅವರ ವಾದ. ಯಾರೂ ಆ ವಾದಕ್ಕೆ ಕಿವಿಗೊಡಲಿಲ್ಲ. ಎಲ್ಲರ ತಲೆಯಲ್ಲಿದ್ದದ್ದು ಮಧ್ಯಾಹ್ನದ ಊಟ. ಪದ್ಮಾವತಿಬಾಯಿಯ ತಲೆಯಲ್ಲಿದ್ದದ್ದು ಮರುದಿನದ ಊಟ.

ಸುಲೋಚನಮ್ಮನ ಮನೆಯವರು ಸ್ಮಾರ್ತರು. ಅಂದರೆ ಅವರು ಇವತ್ತು ಉಪವಾಸವಿದ್ದು, ನಾಳೆ ಬೆಳಿಗ್ಗೆ ದ್ವಾದಶಿಯ ಅಡುಗೆ ಮಾಡಿ ಹದಿನಾಲ್ಕು ಎಲೆ ಹಾಕಿ ಕಾಯುತ್ತಾರೆ. ಆ ಹೊತ್ತಿಗೆ ಇವರದು ಉಪವಾಸ.

“ನಾಳೆ ನಾವೆಲ್ಲಾರೂ ಸಾಲಾಗಿ ನಿಂತು ಊಟ ಬ್ಯಾಡ ಅಂದ್ರ,” ಎಂದರು ಪದ್ಮಾವತಿಬಾಯಿ, “ಆಕೀ ಏನ್ ತಿಳ್ಕೋಬೇಕು? ಪಂಚಾಂಗ ತೋರಸ್ತೀರೇನು ಆಕೀಗೆ?”

ಯಾರೋ ಒಬ್ಬರು, ಹಣ್ಣು ಹಾಲು ತೆಗೆದುಕೊಂಡರೆ ನಡೆಯುತ್ತದಲ್ಲ ಎಂದರು. ಬಾಳೆಹಣ್ಣು ತಿಂದರೆ ಅದೂ ಊಟವೇ ಎಂದೂ ಸೇರಿಸಿದರು.

“ಸಿಪ್ಪೀ ಸುಲದು ತಿನ್ನೂ ಹಣ್ಣು ಅಂಜಿದವ್ರು ತಿಂತಾರ,” ಎಂದರು ಪದ್ಮಾವತಿಬಾಯಿ. “ಪ್ಲೇಗಿನಾಗ ಎಲ್ಲಾರೂ ಅದನ್ನ ತಿಂದ್ರು. ಆಕೀಗೆ ಅಷ್ಟೂ ತಿಳಿಯೂದಿಲ್ಲೇನು?”

ಜನವರಿಯಲ್ಲಿ ಕಂಬದ ಮರೆಗೆ ಹೋಗಿದ್ದ ಹೆಂಗಸರಲ್ಲಿ ಮೂವರು ಅಲ್ಲೇ ಕೂತಿದ್ದರು. ಅವರು ಕಿಟಕಿಯ ಹೊರಗೆ ಹತ್ತಿಯ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ರಾಯರು ಪಟ್ಟಿ ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು. ಅದರಲ್ಲಿ ಎಲ್ಲಾದರೂ ಒಂದು ಕಿಂಡಿ ಇದೆಯೇ ಎಂದು ಹುಡುಕಿದರು. ಕಿಂಡಿ ಇರದ ಹಾಗೆ ಮಾಡಿದವರು ಅವರೇ.

ಆಗ ಬಸವರಾಜ, ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ, ಮಂಡಳಿಯ ಹನ್ನೊಂದು ವರ್ಷದಲ್ಲಿ ಯಾರೂ ಹೇಳದಿದ್ದ ಒಂದು ಮಾತು ಹೇಳಿದರು.

“ವಡೋದರಾದಾಗ ಹೆಂಗೂ ಊಟ ಇಲ್ಲಲ್ರೀ ನಿಮ್ಮ ಪಟ್ಯಾಗ. ಬರೇ ಹಾಡೂದು ಐತಿ. ಅದನ್ನ ನಾಳೆ ಹಾಡ್ರಿ. ಉಪವಾಸ ಇದ್ರ ಹಾಡಾಕೇನ್ ಅಡ್ಡಿ? ಇವತ್ತ ಇಳಿಯೂದ ಬ್ಯಾಡ, ಸೀದಾ ಸೂರತ್ತಿಗೆ ಹೋಗೂಣು.”

ಇದು ಎಷ್ಟು ಸರಳವಾಗಿತ್ತೆಂದರೆ ರಾಯರಿಗೆ ಅವಮಾನವಾಯಿತು. ಖರೀದಿ ವಿಭಾಗದಲ್ಲಿ ಸರಳವಾದ ಉಪಾಯ ಹೇಳಿದವರನ್ನು ಮೊದಲು ಅನುಮಾನಿಸಬೇಕೆಂಬ ಪದ್ಧತಿ ಇದೆ. ಅವರು ಒಂದೊಂದೇ ಆಕ್ಷೇಪಣೆ ಎತ್ತಿದರು. ಟಿಕೇಟು ವಡೋದರಾದವರೆಗೆ ಮಾತ್ರ. ಸತ್ಯಪ್ರಕಾಶರು ಇಪ್ಪತ್ತು ಮನೆಯವರನ್ನು ಕರೆದಿದ್ದಾರೆ, ಮೈಕು ತರಿಸಿದ್ದಾರೆ. ಬಾಲಕೃಷ್ಣನ ಮನೆಗೆ ಫೋನಿಲ್ಲ, ಹೇಳುವುದು ಹೇಗೆ. ಅವರಿಗೆ ಇವತ್ತು ಉಪವಾಸ, ಒಲೆಯೇ ಹಚ್ಚಿರುವುದಿಲ್ಲ. ಉಪವಾಸದ ಮನೆಗೆ ಹೇಳದೆ ಕೇಳದೆ ಹದಿನಾಲ್ಕು ಜನ ಹಸಿದು ಹೋಗುವುದೆಂದರೆ ಅದು ಸೇವೆಯೋ ದರೋಡೆಯೋ. ಕೊನೆಯದಾಗಿ, ತಿದ್ದುಪಡಿಗೆ ಅವಕಾಶವಿಲ್ಲವೆಂದು ಸ್ಪಷ್ಟವಾಗಿ ಬರೆದಿದೆ. ಯಾರು ಬರೆದದ್ದು ಎಂದು ಪದ್ಮಾವತಿಬಾಯಿ ಕೇಳಿದರು. ಆನಂದ್, ಬಾಜ್ವಾ ಎಲ್ಲ ದಾಟಿ ರೈಲು ವಡೋದರಾ ಮುಟ್ಟುವವರೆಗೂ ಗಂಡ ಹೆಂಡತಿ ಮಾತಾಡಲಿಲ್ಲ.

ವಡೋದರಾದಲ್ಲಿ ರೈಲು ನಿಂತಿತು. ಹತ್ತು ನಿಮಿಷ ನಿಲ್ಲುತ್ತಿತ್ತು. ರಾಯರು ಚೀಲ ಹೆಗಲಿಗೇರಿಸಿ, ಎಲ್ಲರೂ ಸಾಲಾಗಿ ಇಳಿಯಿರಿ ಎಂದು ಹೇಳಿ ತಾವು ಮೊದಲು ಇಳಿದರು. ಹಿಂತಿರುಗಿ ನೋಡಿದರೆ ಯಾರೂ ಇಳಿದಿರಲಿಲ್ಲ. ಹದಿಮೂರು ಜನ ಕೂತಲ್ಲೇ ಕೂತಿದ್ದರು. ಪದ್ಮಾವತಿಬಾಯಿ ಕಿಟಕಿಯ ಬದಿಗೆ ಕೂತು ಕೈಯಲ್ಲಿದ್ದ ಜೆರಾಕ್ಸ್ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು, ಡಿಸೆಂಬರ್ ಚಳಿಯಲ್ಲಿ.

ಪ್ಲಾಟ್‌ಫಾರ್ಮಿನಲ್ಲಿ ಸತ್ಯಪ್ರಕಾಶರು ಸೇವಂತಿಗೆ ಮಾಲೆ ಹಿಡಿದು ನಿಂತಿದ್ದರು. ದಾವಣಗೆರೆಯವರು, ಗೊಬ್ಬರದ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ, ಮಾತಿಗೆ ಅಂಥ ದೊಡ್ಡ ಧ್ವನಿ. ಮಿಕ್ಕವರೆಲ್ಲಿ ಎಂದು ಕೇಳಿದರು. ರಾಯರು ಬೆರಳು ಮಾಡಿ ತೋರಿಸಿದರು. ಯಾಕೆ ಇಳಿಯುತ್ತಿಲ್ಲ ಎಂದು ಕೇಳಿದರು. ರಾಯರು ಹೇಳಲು ಶುರುಮಾಡಿದರು, ದಶಮಿ ಎಂದರು, ಕ್ಯಾಲೆಂಡರು ಎಂದರು, ಅರ್ಧಕ್ಕೆ ನಿಲ್ಲಿಸಿದರು. ಸತ್ಯಪ್ರಕಾಶರು ಅರ್ಥ ಮಾಡಿಕೊಳ್ಳುವ ಮೊದಲೇ ಸಿಟ್ಟಾದರು, ಅರ್ಥ ಮಾಡಿಕೊಂಡ ಮೇಲೆ ಇನ್ನಷ್ಟು ಸಿಟ್ಟಾದರು.

“ಇಪ್ಪತ್ತು ಮನೆಯೋರು ನಮ್ಮ ಹಾಲ್‌ನಲ್ಲಿ ಬಂದು ಕೂತಾಗಿದೆ. ಅವರಿಗೆ ನಾನೇನು ಹೇಳಲಿ? ತಿದ್ದುಪಡಿ ಇಲ್ಲ ಅಂತ ಕೆಂಪಿಂಕಲ್ಲಿ ಬರೆದು ಕಳಿಸಿದೋರು ನೀವಲ್ವಾ ಸ್ವಾಮಿ? ನಾನು ಅರ್ಧ ಗಂಟೆ ಮುಂದಕ್ಕೆ ಹಾಕಿ ಅಂದಿದ್ದಕ್ಕೆ ನನಗೇ ಕಾಗದ ಹಾಕಿದ್ರಿ.”

ಅದು ನಿಜ. ‘ತಮ್ಮ ಕೋರಿಕೆಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂದು ಆ ಕಾಗದದಲ್ಲಿತ್ತು. ರಾಯರಿಗೆ ಆ ಪ್ಲಾಟ್‌ಫಾರ್ಮಿನ ಮೇಲೆ, ಚಹಾದವರ ಕೂಗಿನ ನಡುವೆ, ತಾವು ಇಷ್ಟು ವರ್ಷ ಯಾರಿಗೆಲ್ಲ ಅಂಥ ಕಾಗದ ಹಾಕಿದ್ದೇವೆ ಎಂದು ಲೆಕ್ಕ ಹಾಕುವ ಮನಸ್ಸಾಯಿತು. ಅದಕ್ಕೆ ಹೊತ್ತಿರಲಿಲ್ಲ. ಎಲ್ಲರನ್ನೂ ಇಳಿಸಿದರೆ ಪಟ್ಟಿ ಉಳಿಯುತ್ತದೆ, ಸುಲೋಚನಮ್ಮ ಹೋಗುತ್ತಾರೆ. ಪಟ್ಟಿಯನ್ನು ಉಳಿಸಿಕೊಂಡು ಅವರಿಗೆ ಆಗಬೇಕಾದ್ದೇನು, ಅದಕ್ಕೆ ಹಾಡಲು ಬರುತ್ತದೆಯೇ? ಸಿಳ್ಳೆ ಕೇಳಿಸಿತು.

“ನಾನ ಬರದೀನ್ರಿ,” ಎಂದರು ರಾಯರು. “ತಪ್ಪು ಬರದೀನಿ. ನಾಳೆ ಮುಂಜಾನೆ ಬರ್ತೀವಿ. ಬಯ್ಯೂದು ಉಳದಿದ್ರ ನಾಳೆ ಬಯ್ರಿ.”

ಹಾಗೆಂದು ಚಲಿಸುತ್ತಿದ್ದ ರೈಲನ್ನು ಐವತ್ಮೂರನೇ ವಯಸ್ಸಿನಲ್ಲಿ ಹತ್ತಿದರು. ಬಸವರಾಜ ತೋಳು ಹಿಡಿದು ಒಳಗೆಳೆದರು. ಸತ್ಯಪ್ರಕಾಶರು ಬಯ್ಯುತ್ತಲೇ ರೈಲಿನ ಜೊತೆ ನಾಲ್ಕು ಹೆಜ್ಜೆ ಬಂದು ಮಾಲೆಯನ್ನು ಕಿಟಕಿಯಿಂದ ಒಳಕ್ಕೆ ತೂರಿದರು. ಪ್ರೀತಿಯಿಂದೇನಲ್ಲ, ನಾಳೆಗೆ ಹೇಗೂ ಬಾಡುತ್ತದೆಂದು. ಅದು ಟಿಕೇಟು ತಪಾಸಣೆಗೆ ಬಂದು ನಿಂತಿದ್ದ ಗುಜರಾತಿ ಸಾಹೇಬರ ಕಾಲ ಬಳಿ ಬಿತ್ತು. ಹದಿನಾಲ್ಕು ಜನರ ಟಿಕೇಟನ್ನು ಸೂರತ್ತಿನವರೆಗೆ ಬರೆದುಕೊಡುವಾಗ ಆ ಸಾಹೇಬರು, ಭಜನೆಗೆ ಹೋಗುವವರಿಗೆ ಎಲ್ಲಿ ಇಳಿಯಬೇಕೆಂದೂ ಗೊತ್ತಿರುವುದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ರಾಯರು ಹೌದು ಎಂದರು.

ಸೂರತ್ತಿನಿಂದ ಐದು ಆಟೋಗಳಲ್ಲಿ ಸೇತುವೆ ದಾಟಿ ಅಡಾಜಣ್ ಮುಟ್ಟುವಾಗ ಹನ್ನೊಂದೂವರೆ. ದಾರಿಯುದ್ದಕ್ಕೂ ರಾಯರು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದರು: ಮೊದಲು ವಿಷಯ, ಆಮೇಲೆ ಹಿನ್ನೆಲೆ, ಆಮೇಲೆ ಕೋರಿಕೆ. ಮೂರನೇ ಮಹಡಿ. ಮೆಟ್ಟಿಲ ತುಂಬ ಜನ, ಹಾರ್ಮೋನಿಯಂ, ತಬಲಾ. ಬಾಗಿಲು ತೆಗೆದದ್ದು ಸೊಸೆ ವೇದಾ. ಆಕೆ ಒಂದು ಕ್ಷಣ ತಮ್ಮದೇ ಏನೋ ತಪ್ಪಾಗಿದೆಯೆಂದು ಹೆದರಿದಂತೆ ನಿಂತಳು. ಬಾಲಕೃಷ್ಣ ಮನೆಯಲ್ಲಿರಲಿಲ್ಲ, ನಾಳೆಗೆ ಬಾಳೆ ಎಲೆ ಹುಡುಕಲು ಹೋಗಿದ್ದ. ಒಳಗಿನಿಂದ ಸುಲೋಚನಮ್ಮ ಬಂದರು. ಬೆಳಗಿನಿಂದ ನೀರೂ ಮುಟ್ಟಿರದ ಮುಖ. ಕೈಯಲ್ಲಿ ಜಪಮಣಿ. ಯಾರನ್ನೂ ಒಳಗೆ ಬನ್ನಿ ಎನ್ನಲಿಲ್ಲ.

“ಹೋದ ವರ್ಷ ಬರ್ತೀವಿ ಅಂದು ಬರ್ಲಿಲ್ಲ. ಈ ವರ್ಷ ನಾಳೆ ಅಂದು ಇವತ್ತು ಬಂದ್ರಿ. ನಿಮ್ಮ ಪಟ್ಟೀಲಿ ನಮ್ಮನೆಗೆ ಅಂತ ಒಂದು ನೆಟ್ಟಗಿರೋ ದಿನ ಯಾವತ್ತಾದ್ರೂ ಇತ್ತೇ ರಾಯರೇ?”

ವಿಷಯ, ಹಿನ್ನೆಲೆ, ಕೋರಿಕೆ ಮೂರೂ ರಾಯರ ತಲೆಯಿಂದ ಮೆಟ್ಟಿಲಿಳಿದು ಹೋದವು.

“ಹಸಿವಿ ಆಗೇದರೀ,” ಎಂದರು. “ನಮಗ ಏಕಾದಶಿ ನಾಳೆ. ನಾಳೆ ಬಂದಿದ್ರ ಉಣ್ಣತಿದ್ದಿಲ್ಲ. ಉಣ್ಣಬೇಕಂತ ಇವತ್ತ ಬಂದೀವಿ.”

ಇವತ್ತು ನಮಗೆ ಏಕಾದಶಿ ಅನ್ನುವುದು ಗೊತ್ತಿಲ್ಲವೇ ಎಂದು ಅವರು ಕೇಳಿದರು. ಗೊತ್ತು ಎಂದರು ರಾಯರು. ಸುಲೋಚನಮ್ಮ ಮೆಟ್ಟಿಲ ಮೇಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿದರು. ಪದ ಕಲಿಸಿದವರು, ಎಲ್ಲರ ಹೆಸರೂ ಎಲ್ಲರ ಶ್ರುತಿಯೂ ಗೊತ್ತು.

“ಕೂರಿಸೋದೆಲ್ಲಿ? ನಮ್ಮನೇಲಿ ವರಾಂಡ ಇಲ್ಲ.”

ಕೆಳಗಿನ ಮನೆಯಲ್ಲಿ ಕುಕ್ಕರು ಕೂಗಿತು. ರಾಯರಿಗೆ ಸಿಟ್ಟು ಬಂತು, ಅದೇ ಹಳೆಯ ಸಿಟ್ಟು. ಆದರೆ ಈ ಸಲ ಕೈಯಲ್ಲಿ ಹಾಳೆ ಇರಲಿಲ್ಲ, ಇಳಿಸಲು ಬೇರೆ ಜಾಗವೂ ಇರಲಿಲ್ಲ. ಬಂದದ್ದು ಬಾಯಿಗೆ ಬಂತು.

“ಆ ಪಟ್ಟಿ ನಂದ. ಯಾರೋ ಹೇಳಿದ್ರು, ನಾ ಬರದೆ. ಹೇಳಿದವರ ಹೆಸರು ನಾ ಹೇಳೂದಿಲ್ಲ, ಬರದ ಕೈ ನಂದದ. ನಮ್ಮ ಮನ್ಯಾಗ ಎಂಟೆಂಟು ದಿನ ಉಂಡವ್ರನ್ನ ಹೊರಗ ಕೂಡಿಸಿ, ಗಾಳಿ ಚಲೋ ಅದ ಅಂತ ಬ್ಯಾರೆ ಬರದೆ. ನಿಮಗ ಬಯ್ಯೂದಿತ್ತಂದ್ರ ಬಯ್ರಿ. ಹೊರಗ ಹಾಕೂದಿದ್ರ ನನ್ನೊಬ್ಬನ್ನ ಹಾಕ್ರಿ, ಇವರನ್ನ ಒಳಗ ಕರೀರಿ.”

ಸುಲೋಚನಮ್ಮ ಬಯ್ಯಲಿಲ್ಲ. ಕರೆಯಲೂ ಇಲ್ಲ. ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು, ಅಷ್ಟೆ. ಆ ಸಂದಿನಲ್ಲಿ ಮೊದಲು ನುಗ್ಗಿದ್ದು ರಾಯರೂ ಅಲ್ಲ, ಪದ್ಮಾವತಿಬಾಯಿಯೂ ಅಲ್ಲ. ಕಂಬದ ಮರೆಯ ಮೂವರಲ್ಲಿ ಒಬ್ಬಾಕೆ, ವಿಮಾ ಕಚೇರಿಯವರ ಹೆಂಡತಿ. ಆಕೆ ಯಾರ ಮುಖವನ್ನೂ ನೋಡದೆ ನೇರ ಅಡುಗೆಮನೆಗೆ ಹೋಗಿ, ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು, ಕೈಗೆ ಸಿಕ್ಕ ಒಂದು ಸೋರೆಕಾಯಿಯನ್ನು ಹೆಚ್ಚಲು ಕೂತಳು. ಅದು ನಾಳೆಯ ಹುಳಿಗೆ ಇಟ್ಟದ್ದು ಎಂದು ವೇದಾ ಮೆಲ್ಲಗೆ ಹೇಳಿದಳು. ಆಕೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ವೇದಾ ಅನ್ನಕ್ಕಿಟ್ಟಳು. ಸಾರು ಮಾತ್ರ ಸುಲೋಚನಮ್ಮನೇ ಮಾಡಿದರು. ಉಪವಾಸದಲ್ಲಿ ಬೇಡ, ನಾವೇ ಮಾಡಿಕೊಳ್ಳುತ್ತೇವೆ ಎಂದು ನಾಲ್ವರು ಹೆಂಗಸರು ಕೇಳಿಕೊಂಡರೂ ಒಪ್ಪಲಿಲ್ಲ. ಮನೆಗೆ ಬಂದವರಿಗೆ ಸಾರು ಮಾಡುವ ಹಕ್ಕನ್ನು ಅವರು ಯಾರಿಗೂ ಬಿಟ್ಟವರಲ್ಲ. ಸೊಂಟಕ್ಕೆ ಸೆರಗು ಬಿಗಿದು ನಿಂತು ಮೆಣಸು ಜೀರಿಗೆ ಕುಟ್ಟಿದ ಸದ್ದು ಹಾಲಿನವರೆಗೂ ಕೇಳಿಸುತ್ತಿತ್ತು. ಆ ಕುಟ್ಟಾಣಿಯಲ್ಲಿ ಇದ್ದದ್ದು ತಾವೇ ಎಂದು ರಾಯರಿಗೆ ಅನ್ನಿಸುತ್ತಿತ್ತು.

ಎಲೆ ಇರಲಿಲ್ಲ, ಸ್ಟೀಲು ತಟ್ಟೆ ಎಂಟು, ಪಕ್ಕದ ಗುಜರಾತಿ ಮನೆಯಿಂದ ತಂದದ್ದು ಆರು. ಹಾಲಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಲಿಲ್ಲ. ಸೋಫಾ ಸರಿಸಿ, ಟೀವಿ ಸ್ಟ್ಯಾಂಡಿಗೆ ಬೆನ್ನು ಕೊಟ್ಟು, ಒಬ್ಬರ ಮೊಣಕಾಲು ಇನ್ನೊಬ್ಬರ ತಟ್ಟೆಗೆ ತಗುಲುವ ಹಾಗೆ ಕೂತರು. ಅನ್ನ, ಸಾರು, ಸೋರೆಕಾಯಿ ಪಲ್ಯ, ಮಜ್ಜಿಗೆ. ಮೊದಲ ತುತ್ತಿಗೇ ಸಾರು ಬಹಳ ಚಲೋ ಆಗಿದೆ ಎಂದು ಒಬ್ಬರು ಹೇಳಿದರು, ಇಂಥ ಸಾರು ಎಲ್ಲೂ ಉಂಡಿಲ್ಲವೆಂದು ಇನ್ನೊಬ್ಬರು, ಊರು ನೆನಪಾಯಿತೆಂದು ಮತ್ತೊಬ್ಬರು. ಪದ್ಮಾವತಿಬಾಯಿ ಎಲ್ಲರಿಗಿಂತ ಹೆಚ್ಚು ಹೊಗಳಿದರು. ಬೆಳಿಗ್ಗೆ ಎಲ್ಲರೂ ರೊಟ್ಟಿ ತಿಂದಿದ್ದರೆ ಹೊಟ್ಟೆ ತುಂಬಿದೆ ಎಂಬ ನೆಪವಾದರೂ ಇರುತ್ತಿತ್ತು. ಬಸವರಾಜ ಒಬ್ಬರೇ ಆ ನೆಪದ ಹಿಂದೆ ಅಡಗಿ ಮಜ್ಜಿಗೆ ಮಾತ್ರ ಹಾಕಿಸಿಕೊಂಡರು.

ಸುಲೋಚನಮ್ಮ ಗೋಡೆಗೊರಗಿ ನಿಂತು ನೋಡುತ್ತಿದ್ದರು. ಯಾರ ಕೈ ತಟ್ಟೆಯಿಂದ ಬಾಯಿಗೆ ಎಷ್ಟು ಸಲ ಹೋಗುತ್ತದೆಂದು ಎಣಿಸುವವರ ಹಾಗೆ. ರಾಯರು ಮಾತ್ರ ಏನೂ ಹೇಳಿರಲಿಲ್ಲ.

“ನಿಮಗೆ ಹೇಗಿದೆ ರಾಯರೇ?”

ರಾಯರು ಇನ್ನೊಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಇನ್ನೂ ಇಳಿಯದಿದ್ದ ಸಿಟ್ಟಿನಲ್ಲೇ ಹೇಳಿದರು: “ಉಪ್ಪಿಲ್ರಿ.”

ಪದ್ಮಾವತಿಬಾಯಿಯ ಕೈ ಅನ್ನದ ಮೇಲೆಯೇ ನಿಂತಿತು. ಹನ್ನೊಂದು ತಿಂಗಳು ಕಾಗದ ಬರೆದು, ವಡೋದರಾ ತಪ್ಪಿಸಿ, ಒಬ್ಬ ದೊಡ್ಡ ಮನುಷ್ಯನ ಬೈಗುಳ ತಿಂದು ಇಲ್ಲಿಯವರೆಗೆ ತಂದದ್ದನ್ನು ಈ ಮನುಷ್ಯ ಮೂರು ಅಕ್ಷರದಲ್ಲಿ ಮುಗಿಸಿದರೆಂದು ಆಕೆಗೆ ಅನ್ನಿಸಿತು. ಆದರೆ ಉಪ್ಪು ನಿಜವಾಗಿಯೂ ಇರಲಿಲ್ಲ. ಉಪವಾಸದಲ್ಲಿದ್ದವರು ರುಚಿ ನೋಡುವ ಹಾಗಿಲ್ಲ. ಸಿಟ್ಟಿನಲ್ಲಿ ಕುಟ್ಟಿದವರಿಗೆ ಉಪ್ಪು ನೆನಪಾಗಿರಲೂ ಇಲ್ಲ.

ಸುಲೋಚನಮ್ಮ ಒಳಗೆ ಹೋಗಿ ಉಪ್ಪಿನ ಭರಣಿ ತಂದರು. ರಾಯರ ಮುಂದೆ ಬಗ್ಗಿ, ತಟ್ಟೆಯ ಅಂಚಿಗೆ ಒಂದು ಚಿಟಿಕೆ ಹಾಕಿದರು, ನೋಡಿ, ಇನ್ನೊಂದು ಚಿಟಿಕೆ ಹಾಕಿದರು. ಆಮೇಲೆ ನೆಟ್ಟಗಾಗಿ ಉಳಿದವರ ಕಡೆ ತಿರುಗಿದರು.

“ಹೆದರ್ಕೊಂಡು ಉಣ್ಣೋರಿಗೆ ಉಪ್ಪಿಲ್ದಿದ್ರೂ ಗೊತ್ತಾಗಲ್ಲ. ಇವರೊಬ್ಬರಿಗೆ ಗೊತ್ತಾಯ್ತು. ಇನ್ನಾದ್ರೂ ಬಾಯಿ ಬಿಟ್ಟು ಹೇಳಿ, ಯಾರ್ಯಾರಿಗೆ ಬೇಕು?”

ಹನ್ನೆರಡು ಕೈಗಳು ಮೇಲೆದ್ದವು. ಅವರು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಉಪ್ಪು ಹಾಕುತ್ತ ಹೋದರು. ಈಳಿಗೆಮಣೆಯ ಹೆಂಗಸಿನ ತಟ್ಟೆಗೆ ಕೊಂಚ ಹೆಚ್ಚೇ ಬಿತ್ತು. ಅದು ಬೇಕೆಂದೇ ಹಾಕಿದ್ದೋ ಏನೋ, ಆಕೆ ಅಷ್ಟನ್ನೂ ಕಲಸಿಕೊಂಡು ಉಂಡಳು. ರಾಯರು ಮೂರು ಸಲ ಸಾರು ಹಾಕಿಸಿಕೊಂಡರು. ಬಾಲಕೃಷ್ಣ ಬಾಳೆ ಎಲೆಯ ಸುರುಳಿ ಹೊತ್ತು ಬಾಗಿಲಿಗೆ ಬಂದವನು, ನಾಳೆ ಬರಬೇಕಾದವರು ಮಜ್ಜಿಗೆ ಅನ್ನದವರೆಗೆ ಬಂದಿರುವುದನ್ನು ಕಂಡು, ತಾನು ಎಲೆ ಹುಡುಕುತ್ತ ಒಂದು ದಿನ ಕಳೆದುಬಿಟ್ಟೆನೇ ಎಂದು ಕೈಗಡಿಯಾರ ನೋಡಿಕೊಂಡ.

ಕೈ ತೊಳೆಯುವಾಗ ಸುಲೋಚನಮ್ಮ ರಾಯರ ಪಕ್ಕ ನಿಂತು, ಸಿಟ್ಟೇನೂ ಹೋಗಿಲ್ಲ ಎಂದು ಹೇಳಿದರು. ರಾಯರು ತಮ್ಮದೂ ಹೋಗಿಲ್ಲ ಎಂದರು. ನಿಮಗೆ ಯಾರ ಮೇಲೆ ಎಂದು ಅವರು ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಹಾರ್ಮೋನಿಯಂ ಬಿಚ್ಚಿದರು. ರಾಯರು ತಾಳ ಹಿಡಿದು ಕೂತರು. ಮೊದಲ ಪದದ ಎರಡನೇ ಸಾಲು ಮುಗಿಯುವ ಮೊದಲೇ ಸುಲೋಚನಮ್ಮ ಕೈ ಎತ್ತಿ ನಿಲ್ಲಿಸಿ, ಹನ್ನೊಂದು ತಿಂಗಳಿಂದ ಇದನ್ನು ಹೀಗೇ ಹಾಡಿಕೊಂಡು ಬಂದಿದ್ದೀರಾ, ಕೇಳಿದವರು ಕಲ್ಲು ಹೊಡೆಯಲಿಲ್ಲವೇ ಎಂದು ಕೇಳಿದರು. ತೊಡೆಯ ಮೇಲೆ ಕೈ ತಟ್ಟಿ ಮೊದಲಿನಿಂದ ಹಿಡಿಯಿರಿ ಎಂದರು. ಹಿಡಿದರು. ಮತ್ತೆ ನಿಲ್ಲಿಸಿದರು. ಆರನೇ ಸಲಕ್ಕೆ ಅವರ ಬೆರಳು ನೇರ ರಾಯರ ಕಡೆ ಬಂತು.

“ನೀವು ಎಲ್ಲರಿಗಿಂತ ಮುಂದೆ ಓಡ್ತಿದ್ದೀರಿ ರಾಯರೇ. ಹಾಡೋರು ಎಲ್ಲಿದ್ದಾರೆ ನೋಡಿ ತಾಳ ಹಾಕಿ.”

ರಾಯರು ತಲೆ ತಗ್ಗಿಸಿ, ಹಲ್ಲು ಕಚ್ಚಿ, ತಾಳ ಎತ್ತಿ ಕಾದರು.